ಜನಶಿಕ್ಷಣದ ದೀಕ್ಷೆ ತೊಟ್ಟ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕನ್ನಂಬಾಡಿಯ ಕಟ್ಟೆ. ಕಾವೇರಿಯ ನೀರನ್ನು ತಡೆದು ನಿಲ್ಲಿಸಿ ಮಂಡ್ಯದ ಬರಡು ನೆಲವನ್ನು ಹಸುರಾಗಿಸಿದ ಶಿಲ್ಪಿಯೆಂದು ನಾಡು ಅವರನ್ನು ಸ್ಮರಿಸುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಇವೆಲ್ಲವೂ ಅವರ ಹೆಸರಿನೊಡನೆ ಬೆಸೆದುಕೊಂಡಿವೆ. ಆದರೆ ಇವೆಲ್ಲಕ್ಕೂ ತಳಹದಿಯೆಂದು ಅವರು ಭಾವಿಸಿದ್ದ ಕಾರ್ಯವೊಂದಿದೆ. ಅದು ಕಲ್ಲು ಗಾರೆಗಳಿಂದ ಕಟ್ಟಿದ್ದಲ್ಲವಾದುದರಿಂದ ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಹಳ್ಳಿಹಳ್ಳಿಯ ಪ್ರತಿಯೊಂದು ಮಗುವೂ ಓದು ಬರಹ ಲೆಕ್ಕಗಳನ್ನು ಕಲಿಯಬೇಕು, ಅದಕ್ಕೆ ಸರ್ಕಾರವೇ ಹೊಣೆಯಾಗಬೇಕು ಎಂಬುದೇ ಆ ಕಾರ್ಯ. ನದಿಯ ನೀರಿಗೆ ಕಟ್ಟೆ ಕಟ್ಟುವುದಕ್ಕಿಂತ ಇದು ಕಠಿನವಾದುದೆಂಬುದನ್ನು ಅವರು ಅನುಭವದಿಂದ ಕಂಡುಕೊಂಡರು.

ವಿಶ್ವೇಶ್ವರಯ್ಯನವರು ಜನಿಸಿದ್ದು 1860ರ ದಶಕದ ಆದಿಯಲ್ಲಿ, ಸೆಪ್ಟೆಂಬರ್ 15ರಂದು. ಅವರ ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ನಂದಿಬೆಟ್ಟದ ನೆರಳಿನಲ್ಲಿರುವ ಈ ಊರು 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನೊಳಗೊಂಡ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಪಿನಾಕಿನಿಗಳು ನಂದಿಯ ಸುತ್ತಣ ಬೆಟ್ಟಗಳಲ್ಲಿ ಹುಟ್ಟಿದರೂ ಮಳೆಗಾಲ ಕಳೆದೊಡನೆ ಅವುಗಳ ಪಾತ್ರವು ಮರಳಾಗುತ್ತದೆ. ಹಿಂದಿನವರು ಊರೂರಿಗೂ ಕೆರೆಗಳನ್ನು ಕಟ್ಟಿ ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ಮಾಡಿ ಬದುಕಿದರು. ಹೋಳೂರಿನಂತಹ ಹೋಬಳಿಯ ಹಳ್ಳಿಗಳಲ್ಲಿ ರೈತನು ರಾಗಿಯ ಬೆಳೆಗಾಗಿ ಆಕಾಶವನ್ನು ನೋಡುತ್ತಿದ್ದನು. ಮಳೆ ತಪ್ಪಿದರೆ ಮಕ್ಕಳೂ ದುಡಿಯಬೇಕಾಗುತ್ತಿತ್ತು. ಬಾಲಕನು ಕುರಿ ದನಗಳನ್ನು ಕಾಯುವನು, ಬಾಲಕಿಯು ತಂಗಿ ತಮ್ಮಂದಿರನ್ನು ಎತ್ತಿಕೊಂಡು ಮನೆಯ ಕೆಲಸ ನೋಡುವಳು. ಇಂತಹ ಬಾಳಿನಲ್ಲಿ ವಿದ್ಯೆಗೆ ಅವಕಾಶವೆಲ್ಲಿ?

ವಿಶ್ವೇಶ್ವರಯ್ಯನವರ ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಜರು ಆಂಧ್ರದ ಮೋಕ್ಷಗುಂಡದಿಂದ ಬಂದವರಾದುದರಿಂದ ಆ ಊರಿನ ಹೆಸರು ಮನೆತನಕ್ಕೆ ಉಳಿದುಕೊಂಡಿತು. ಮನೆಯಲ್ಲಿ ಸಂಸ್ಕೃತ ಪಾಂಡಿತ್ಯವಿತ್ತು, ಆಚಾರವಿತ್ತು; ಐಶ್ವರ್ಯವಿರಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅವರ ಪ್ರಾರಂಭದ ವಿದ್ಯಾಭ್ಯಾಸ ನಡೆಯಿತು. ಅಲ್ಲಿಯ ಉಪಾಧ್ಯಾಯರಾದ ನಾದಮುನಿ ನಾಯ್ಡು ಅವರು ಈ ಹುಡುಗನ ಬುದ್ಧಿಯನ್ನು ಗುರುತಿಸಿ ಪ್ರೋತ್ಸಾಹವಿತ್ತರು. ಬಾಲ್ಯದಲ್ಲಿಯೇ ತಂದೆಯ ಸಾವು ಒದಗಿತು. ಆಗ ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು ಆಸರೆಯಾದರು. ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜನ್ನು ಸೇರಿದರು. ಖರ್ಚಿಗೆ ಹಣವಿಲ್ಲದಿದ್ದುದರಿಂದ ಕೊಡಗಿನ ಅಧಿಕಾರಿಯೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತಮ್ಮ ಓದನ್ನು ಮುಂದುವರಿಸಿದರು. ಪ್ರಿನ್ಸಿಪಾಲರಾಗಿದ್ದ ಚಾರಲ್ಸ್ ವಾಟರ್ಸ್ ಅವರಿಗೆ ಈ ಶಿಷ್ಯನಲ್ಲಿ ಅಪಾರ ವಿಶ್ವಾಸವಿತ್ತು. ಬಿ.ಎ. ಪದವಿ ದೊರೆತ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು 1883ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಮಾರನೆಯ ವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಅವರಿಗೆ ಕೆಲಸ ದೊರೆಯಿತು.

ಈ ಬಾಲ್ಯದ ಕಥೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಒಬ್ಬ ಉಪಾಧ್ಯಾಯನ ಅಕ್ಕರೆ, ಒಬ್ಬ ಸೋದರಮಾವನ ಔದಾರ್ಯ, ಒಂದು ಮನೆಪಾಠ, ಒಂದು ವಿದ್ಯಾರ್ಥಿವೇತನ, ಈ ನಾಲ್ಕರಲ್ಲಿ ಯಾವೊಂದು ತಪ್ಪಿದ್ದರೂ ಆ ಹುಡುಗನು ಮುದ್ದೇನಹಳ್ಳಿಯಲ್ಲಿಯೇ ಉಳಿದುಬಿಡುತ್ತಿದ್ದನು. ಅವನ ಓರಗೆಯ ಅದೆಷ್ಟೋ ಮಕ್ಕಳು ಹಾಗೆಯೇ ಉಳಿದುಹೋದರು. ಪ್ರತಿಭೆಯು ಎಲ್ಲ ಮನೆಗಳಲ್ಲಿಯೂ ಹುಟ್ಟುತ್ತದೆ; ಅದಕ್ಕೆ ಅನುಕೂಲವು ಮಾತ್ರ ಕೆಲವೇ ಮನೆಗಳಲ್ಲಿ ದೊರೆಯುತ್ತದೆ. ಮಕ್ಕಳ ವಿದ್ಯೆಯನ್ನು ಅದೃಷ್ಟದ ಕೈಗೆ ಬಿಡಬಾರದೆಂಬ ಪಾಠವನ್ನು ಅವರ ಬಾಳೇ ನಮಗೆ ಹೇಳುತ್ತದೆ.

ಮುಂಬಯಿ ಪ್ರಾಂತದಲ್ಲಿ ಅವರು ಕಾಲು ಶತಮಾನದಷ್ಟು ಕಾಲ ದುಡಿದರು. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ್ದು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದು ಅವರ ಕೀರ್ತಿಯನ್ನು ಹರಡಿದವು. ಪುಣೆಯ ವಾಸವು ಅವರಿಗೆ ಇನ್ನೊಂದು ಲಾಭವನ್ನು ತಂದಿತು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ ಮೊದಲಾದ ದೇಶಸೇವಕರ ಪರಿಚಯ ಅವರಿಗಾಯಿತು. ದೇಶದ ಬಡತನಕ್ಕೂ ಜನರ ಅಜ್ಞಾನಕ್ಕೂ ಇರುವ ಸಂಬಂಧವನ್ನು ಆ ವಿಚಾರವಂತರು ಆಳವಾಗಿ ಚಿಂತಿಸುತ್ತಿದ್ದರು.

1898ರಲ್ಲಿ ವಿಶ್ವೇಶ್ವರಯ್ಯನವರು ರಜೆ ಪಡೆದು ತಮ್ಮ ಸ್ವಂತ ವೆಚ್ಚದಲ್ಲಿ ಜಪಾನಿಗೆ ಹೋದರು. ಆ ದೇಶವು ಕೆಲವೇ ದಶಕಗಳ ಹಿಂದೆ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ನಾಡು. 1872ರಲ್ಲಿ ಅಲ್ಲಿಯ ಸರ್ಕಾರವು ಶಿಕ್ಷಣ ಶಾಸನವೊಂದನ್ನು ಹೊರಡಿಸಿ, ಯಾವ ಹಳ್ಳಿಯಲ್ಲಿಯೂ ಓದು ಬಾರದ ಮನೆಯಿರಬಾರದು, ಯಾವ ಮನೆಯಲ್ಲಿಯೂ ಓದು ಬಾರದ ವ್ಯಕ್ತಿಯಿರಬಾರದು ಎಂಬ ಗುರಿಯನ್ನು ನಾಡಿನ ಮುಂದಿಟ್ಟಿತು. ಮೊದಮೊದಲು ಅಲ್ಲಿಯ ರೈತರೂ ಇದನ್ನು ವಿರೋಧಿಸಿದರು; ಕೆಲವೆಡೆ ಶಾಲೆಗಳಿಗೆ ಬೆಂಕಿಯಿಟ್ಟರು. ಆದರೆ ಸರ್ಕಾರ ಹಿಂಜರಿಯಲಿಲ್ಲ. ವಿಶ್ವೇಶ್ವರಯ್ಯನವರು ಹೋಗುವ ಹೊತ್ತಿಗೆ ಬಹುಪಾಲು ಮಕ್ಕಳು ಶಾಲೆಗೆ ಬರುತ್ತಿದ್ದರು. ಕಾರ್ಖಾನೆ, ಹಡಗು, ರೈಲುಗಳನ್ನು ನೋಡುವುದರ ಜೊತೆಗೆ ಅವರು ಅಲ್ಲಿಯ ಶಾಲೆಗಳನ್ನೂ ನೋಡಿದರು. ಯಂತ್ರವನ್ನು ಕೊಂಡು ತರಬಹುದು, ಯಂತ್ರವನ್ನು ನಡೆಸಬಲ್ಲ ಜನತೆಯನ್ನು ಕೊಂಡು ತರಲಾಗದು ಎಂಬ ನಿಶ್ಚಯಕ್ಕೆ ಬಂದರು. ಇಂಗ್ಲೆಂಡು, ಜರ್ಮನಿ, ಅಮೆರಿಕ ಮೊದಲಾದ ಮುಂದುವರಿದ ದೇಶಗಳೆಲ್ಲ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣದ ಮಾರ್ಗದಿಂದಲೇ ಮೇಲೇರಿದ್ದವು. ಇಂಗ್ಲೆಂಡಿನಲ್ಲಿ 1870ರ ಶಾಸನವು ಊರೂರಿಗೆ ಶಾಲೆಯನ್ನು ತಂದರೆ 1880ರ ಶಾಸನವು ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸಿತು.

ನಮ್ಮ ದೇಶದ ಸ್ಥಿತಿಯಾದರೋ ಬೇರೆಯಾಗಿತ್ತು. 1911ರ ಜನಗಣತಿಯ ಪ್ರಕಾರ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಅದೇ ವರ್ಷದ ಮಾರ್ಚಿಯಲ್ಲಿ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅನುಕೂಲವಿರುವ ಸ್ಥಳಗಳಲ್ಲಾದರೂ ಶಿಕ್ಷಣವನ್ನು ಕಡ್ಡಾಯಗೊಳಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡಬೇಕೆಂಬುದಷ್ಟೇ ಅವರ ಕೋರಿಕೆಯಾಗಿತ್ತು. ಹಣವಿಲ್ಲ, ಜನರು ಸಿದ್ಧರಿಲ್ಲ, ಕಾಲ ಬಂದಿಲ್ಲ ಎಂಬ ಕಾರಣಗಳನ್ನೊಡ್ಡಿ 1912ರಲ್ಲಿ ಸಭೆಯು 38 ಮತಗಳಿಗೆ 13ರಂತೆ ಅದನ್ನು ತಿರಸ್ಕರಿಸಿತು. ಆದರೆ ದೇಶೀಯ ಸಂಸ್ಥಾನವೊಂದು ಆ ಮಾತುಗಳನ್ನು ಮೊದಲೇ ಸುಳ್ಳು ಮಾಡಿತ್ತು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗಿಸಿ ನೋಡಿ 1906ರಲ್ಲಿ ತಮ್ಮ ರಾಜ್ಯಕ್ಕೆಲ್ಲ ಅದನ್ನು ವಿಸ್ತರಿಸಿದ್ದರು.

1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ತಾಯ್ನಾಡಿಗೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ರಸ್ತೆ, ಕಾಲುವೆ, ಕಟ್ಟೆಗಳನ್ನು ಕಟ್ಟಿದರೆ ಮಾತ್ರ ನಾಡು ಮೇಲೇಳುವುದಿಲ್ಲವೆಂಬುದನ್ನು ಅರಿತಿದ್ದ ಅವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾಯಿತು. ವ್ಯವಸಾಯಕ್ಕೆ ಒಂದು, ಕೈಗಾರಿಕೆ ವಾಣಿಜ್ಯಗಳಿಗೆ ಒಂದು, ಶಿಕ್ಷಣಕ್ಕೆ ಒಂದು, ಹೀಗೆ ಮೂರು ಸಮಿತಿಗಳು ರಚಿತವಾದುವು. ಆರ್ಥಿಕ ಪ್ರಗತಿಯನ್ನು ಕುರಿತ ಸಭೆಯಲ್ಲಿ ಶಿಕ್ಷಣಕ್ಕೇನು ಕೆಲಸವೆಂದು ಅಂದಿನ ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ವಿಶ್ವೇಶ್ವರಯ್ಯನವರ ವಿಚಾರಸರಣಿಯು ಸ್ಪಷ್ಟವಾಗಿತ್ತು. ಲೆಕ್ಕ ಬಾರದ ರೈತನು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟನ್ನು ಒತ್ತುತ್ತಾನೆ. ಒತ್ತಿದ ಮೇಲೆ ತನ್ನ ಸಾಲವೆಷ್ಟೆಂದು ಅವನಿಗೇ ತಿಳಿಯುವುದಿಲ್ಲ. ಹೊಸ ಬಿತ್ತನೆ, ಹೊಸ ಗೊಬ್ಬರಗಳ ವಿಷಯವನ್ನು ಓದಲಾರದವನು ತಾತನ ಕಾಲದ ಬೇಸಾಯವನ್ನೇ ಮಾಡುತ್ತಾನೆ. ಕುಶಲತೆಯಿಲ್ಲದ ದುಡಿಮೆಗೆ ಬೆಲೆಯಿಲ್ಲ, ಬೆಲೆಯಿಲ್ಲದ ದುಡಿಮೆಯಿಂದ ಬಡತನ ಹೋಗದು, ಬಡತನ ಹೋಗದೆ ಮಕ್ಕಳು ಶಾಲೆಗೆ ಬಾರರು. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಲೇಬೇಕು. ಮಗುವಿನ ಶಾಲೆಯೇ ಅದನ್ನು ಮುರಿಯಬಹುದಾದ ಸ್ಥಳ.

1912ರ ನವೆಂಬರಿನಲ್ಲಿ ಮಹಾರಾಜರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಎಂಜಿನಿಯರೊಬ್ಬರು ದಿವಾನರಾದುದು ಅಂದಿಗೆ ಹೊಸ ಸಂಗತಿ. ಅಧಿಕಾರವನ್ನು ಒಪ್ಪುವ ಮೊದಲು ಅವರು ನೆಂಟರಿಷ್ಟರನ್ನು ಕರೆದು, ತಮ್ಮಿಂದ ಯಾವ ಸ್ವಂತ ಉಪಕಾರವನ್ನೂ ಕೇಳಕೂಡದೆಂಬ ಮಾತು ಪಡೆದುಕೊಂಡರೆಂದು ಹೇಳುತ್ತಾರೆ. ಕೋಲಾರ ಜಿಲ್ಲೆಯವರೇ ಆದ ಇಬ್ಬರು ಮಹನೀಯರು ಅವರ ಆಡಳಿತವನ್ನು ಹತ್ತಿರದಿಂದ ಬಲ್ಲವರಾಗಿದ್ದರು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಪತ್ರಿಕೋದ್ಯೋಗಿಯಾಗಿ ಅದನ್ನು ಕಂಡರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ ಅದರಲ್ಲಿ ಪಾಲುಗೊಂಡರು. ಬಡ ಜಿಲ್ಲೆಯೊಂದರ ಹಳ್ಳಿ ಪಟ್ಟಣಗಳ ಶಾಲೆಗಳಿಂದ ಇಂತಹವರು ಹೊರಬರಬಹುದಾದರೆ, ಶಾಲೆಯನ್ನೇ ಕಾಣದ ಮನೆಗಳಲ್ಲಿ ಅದೆಷ್ಟು ಪ್ರತಿಭೆ ಬತ್ತಿಹೋಗಿರಬಹುದು!

ಅಂದು ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಜನಸಂಖ್ಯೆಯಲ್ಲಿ ನೂರಕ್ಕೆ ಹದಿನೈದು ಮಂದಿ ಶಾಲೆಯ ವಯಸ್ಸಿನ ಮಕ್ಕಳೆಂದು ಎಣಿಸುವುದು ಆ ಕಾಲದ ರೂಢಿ. ಆ ಲೆಕ್ಕದಲ್ಲಿ ಶಾಲೆಯಲ್ಲಿರಬೇಕಾಗಿದ್ದ ಮಕ್ಕಳು ಸುಮಾರು 8 ಲಕ್ಷ 70 ಸಾವಿರ. ಇದ್ದವರು ಸುಮಾರು 1 ಲಕ್ಷ 40 ಸಾವಿರ. ಎಂದರೆ ಆರು ಮಕ್ಕಳಲ್ಲಿ ಒಂದು ಮಗು ಒಳಗೆ, ಐದು ಮಕ್ಕಳು ಹೊರಗೆ. ಎಂಜಿನಿಯರಾದ ದಿವಾನರಿಗೆ ಅಂಕಿಗಳೆಂದರೆ ಬರಿಯ ಅಂಕಿಗಳಲ್ಲ. ಕಟ್ಟೆಯಲ್ಲಿ ಬಿರುಕು ಕಂಡರೆ ಶಿಲ್ಪಿಯು ಸುಮ್ಮನಿರಲಾರನಷ್ಟೆ? ನಾಡಿನ ಆರು ಪಾಲು ಬುದ್ಧಿಶಕ್ತಿಯಲ್ಲಿ ಐದು ಪಾಲು ಸೋರಿಹೋಗುತ್ತಿರುವುದನ್ನು ಅವರು ಆ ಅಂಕಿಗಳಲ್ಲಿ ಕಂಡರು.

1913ರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣ ಶಾಸನವು ಜಾರಿಗೆ ಬಂದಿತು. ವರ್ಷದ ಹಿಂದೆಯಷ್ಟೇ ವೈಸರಾಯರ ಶಾಸನಸಭೆ ತಿರಸ್ಕರಿಸಿದ್ದ ತತ್ತ್ವವನ್ನು ಮೈಸೂರು ಸ್ವೀಕರಿಸಿತು. ನಾಡಿನಲ್ಲೆಲ್ಲ ಒಮ್ಮೆಗೇ ಕಡ್ಡಾಯವನ್ನು ಹೇರುವ ಬದಲು, ಸರ್ಕಾರವು ಆಯ್ದು ಗೊತ್ತುಪಡಿಸಿದ ಸ್ಥಳಗಳಲ್ಲಿ ಅದನ್ನು ಆರಂಭಿಸಿ ಕ್ರಮೇಣ ವಿಸ್ತರಿಸುವ ಮಾರ್ಗವನ್ನು ಅದು ಹಿಡಿಯಿತು. ಕಟ್ಟೆಯ ಬುನಾದಿಯನ್ನು ಪರೀಕ್ಷಿಸಿ ಅನಂತರ ಎತ್ತರಿಸುವ ಎಂಜಿನಿಯರನ ಕ್ರಮವೇ ಇದಾಗಿತ್ತು.

ಶಾಸನವನ್ನು ಬರೆಯುವುದು ಸುಲಭ, ನಡೆಸುವುದು ಕಷ್ಟ. ಮೊದಲನೆಯದಾಗಿ ಹಣದ ಸಮಸ್ಯೆ. ಕನ್ನಂಬಾಡಿಯ ಕಟ್ಟೆ, ರೈಲು ಮಾರ್ಗಗಳು, ಕೈಗಾರಿಕೆಗಳು, ಎಲ್ಲಕ್ಕೂ ಬೊಕ್ಕಸವೊಂದೇ. 1914ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಗಿ ವಸ್ತುಗಳ ಬೆಲೆ ಏರಿತು. ಎರಡನೆಯದಾಗಿ ಉಪಾಧ್ಯಾಯರ ಕೊರತೆ. ಹೊಸದಾಗಿ ತೆರೆಯುವ ಸಾವಿರಾರು ಶಾಲೆಗಳಿಗೆ ತರಬೇತಿ ಪಡೆದವರು ಎಲ್ಲಿಂದ ಬರಬೇಕು? ಮೂರನೆಯದಾಗಿ ಜನರ ಹಿಂಜರಿಕೆ. ದನ ಕಾಯುವ ಹುಡುಗನು ಶಾಲೆಗೆ ಹೋದರೆ ಆ ಕೆಲಸವನ್ನು ಯಾರು ಮಾಡಬೇಕೆಂಬುದು ಬಡ ರೈತನ ಪ್ರಶ್ನೆ. ಅದನ್ನು ಮೂಢತನವೆಂದು ತಳ್ಳಿಹಾಕುವಂತಿರಲಿಲ್ಲ. ಅಂದಿನ ಕೂಳಿನ ಪ್ರಶ್ನೆ ಅದು. ಹೆಣ್ಣುಮಕ್ಕಳಿಗೆ ಓದೇಕೆಂಬ ಮಾತು ಎಲ್ಲ ಜಾತಿಗಳಲ್ಲಿಯೂ ಕೇಳಿಬರುತ್ತಿತ್ತು. ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಮಕ್ಕಳು ಒಂದೇ ಜಗಲಿಯ ಮೇಲೆ ಕುಳಿತರೆ ತಮ್ಮ ಮಕ್ಕಳನ್ನು ಬಿಡಿಸಿಬಿಡುವೆವೆಂಬ ಮೇಲ್ಜಾತಿಯವರ ಬೆದರಿಕೆಯನ್ನೂ ಅಂದಿನ ಶಾಲೆಗಳು ಎದುರಿಸಬೇಕಾಗಿತ್ತು. ಕೋಲಾರ ಸೀಮೆಯಲ್ಲಿ ಇನ್ನೂ ಒಂದು ತೊಡಕಿತ್ತು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಅನೇಕ ಮನೆಗಳ ಮಾತು ತೆಲುಗು; ಶಾಲೆಯ ಮಾತು ಕನ್ನಡ. ಮಗುವು ಅಕ್ಷರದೊಡನೆ ಭಾಷೆಯನ್ನೂ ಕಲಿಯಬೇಕಾಗಿತ್ತು. ವಿಶ್ವೇಶ್ವರಯ್ಯನವರ ಮನೆಮಾತೂ ತೆಲುಗೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಈ ತೊಡಕುಗಳ ನಡುವೆಯೂ ಕೆಲಸ ಮುಂದೆ ಸಾಗಿತು. ಗ್ರಾಮಸ್ಥರು ಸ್ಥಳವನ್ನೋ ಕಟ್ಟಡವನ್ನೋ ಒದಗಿಸಿದ ಕಡೆ ಸರ್ಕಾರ ಶಾಲೆಯನ್ನು ತೆರೆಯಿತು. ಗುಡಿಯ ಪ್ರಾಕಾರ, ಚಾವಡಿ, ಮರದ ನೆರಳು, ಎಲ್ಲವೂ ಪಾಠದ ಮನೆಗಳಾದುವು. ಮರಳಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕಲಿಸುತ್ತಿದ್ದ ಹಳೆಯ ಐಗಳ ಮಠಗಳ ಪಕ್ಕದಲ್ಲಿಯೇ ಹಲಗೆ ಬಳಪಗಳ ಹೊಸ ಶಾಲೆಗಳು ಎದ್ದವು. ವಯಸ್ಸಾದವರಿಗೆಂದು ರಾತ್ರಿಶಾಲೆಗಳು ನಡೆದುವು. ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಭಂಡಾರಗಳು ಸ್ಥಾಪಿತವಾದುವು. 1913ರಲ್ಲಿ ಹೆಬ್ಬಾಳದ ವ್ಯವಸಾಯ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ರೂಪುಗೊಂಡಿತು. ವಿಶ್ವವಿದ್ಯಾನಿಲಯವು ಶಿಖರವಾದರೆ ಹಳ್ಳಿಯ ಶಾಲೆಯು ಅಡಿಪಾಯ. ಅಡಿಪಾಯವಿಲ್ಲದ ಶಿಖರವನ್ನು ಕಟ್ಟುವವನು ಎಂಜಿನಿಯರನಲ್ಲ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ ಸುಮಾರು 11,000ಕ್ಕೆ ಏರಿತು. ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1 ಲಕ್ಷ 40 ಸಾವಿರದಿಂದ 3 ಲಕ್ಷ 60 ಸಾವಿರವನ್ನು ದಾಟಿತು. ದಿನಕ್ಕೆ ಮೂರರಂತೆ ಆರು ವರ್ಷ ಬಿಡದೆ ಶಾಲೆಗಳು ತೆರೆದಂತಾಯಿತು. ಅಂದಿನ ಭಾರತದಲ್ಲಿ ಇದು ಅಸಾಧಾರಣವಾದ ಸಾಧನೆ. ಆದರೂ ಮೊದಲು ಮಾಡಿದ ಲೆಕ್ಕವನ್ನೇ ಮತ್ತೆ ಮಾಡಿದರೆ, ಐದು ಮಕ್ಕಳಲ್ಲಿ ಇಬ್ಬರು ಶಾಲೆಯ ಒಳಗೆ ಬಂದಿದ್ದರು. ಮೂವರು ಇನ್ನೂ ಹೊರಗೆಯೇ ಇದ್ದರು. ಆ ಮೂವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಬಡವರ ಮಕ್ಕಳು, ಊರಿನಿಂದ ಹೊರಗಿಡಲ್ಪಟ್ಟವರ ಮಕ್ಕಳು. ಸಾಧನೆಯ ಹಿರಿಮೆಯನ್ನೂ ಉಳಿದ ದಾರಿಯ ದೂರವನ್ನೂ ಒಟ್ಟಿಗೆ ಕಾಣುವುದೇ ವಿವೇಕ.

ಈ ಉಳಿದ ದೂರವೇ ಅವರ ದಿವಾನಗಿರಿಯ ಕೊನೆಯ ಪ್ರಕರಣಕ್ಕೂ ಹಿನ್ನೆಲೆಯಾಯಿತು. ಸರ್ಕಾರದ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರಿಂದ ತುಂಬಿದ್ದವು. ಹಿಂದುಳಿದ ವರ್ಗಗಳ ಮುಂದಾಳುಗಳು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ, ಹುದ್ದೆಗಳಲ್ಲಿ ತಮಗೂ ಪಾಲು ಬೇಕೆಂದು ಕೇಳಿದರು. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಹುದ್ದೆಗೆ ಯೋಗ್ಯತೆಯೊಂದೇ ಅಳತೆಗೋಲಾಗಬೇಕು, ಹಿಂದುಳಿದವರನ್ನು ಶಿಕ್ಷಣದ ಮೂಲಕ ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಶಾಲೆಯ ಬಾಗಿಲೇ ತಮಗೆ ತಲೆಮಾರುಗಳಿಂದ ಮುಚ್ಚಿದ್ದಾಗ ಯೋಗ್ಯತೆಯ ಪರೀಕ್ಷೆ ನ್ಯಾಯವಾಗುವುದು ಹೇಗೆ, ಶಿಕ್ಷಣವು ಹಬ್ಬುವವರೆಗೆ ತಾವು ಕಾಯುತ್ತ ಕುಳಿತಿರಬೇಕೇ ಎಂಬುದು ಎದುರಿನವರ ನಿಲುವು. ಮಹಾರಾಜರು ಆ ನೊಂದವರ ಮಾತಿನಲ್ಲಿ ನ್ಯಾಯವನ್ನು ಕಂಡರು. ಭಿನ್ನಾಭಿಪ್ರಾಯವು ಬಗೆಹರಿಯದಿರಲು ದಿವಾನರು 1918ರ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟರು. ಆಮೇಲಿನ ಕಾಲವು ಹಿಂದುಳಿದವರ ಬೇಡಿಕೆಯನ್ನು ಒಪ್ಪಿಕೊಂಡಿತು. ಸ್ವತಂತ್ರ ಭಾರತದ ಸಂವಿಧಾನವೂ ಅದಕ್ಕೆ ಮನ್ನಣೆಯಿತ್ತಿತು. ಆದರೆ ಈ ವಿವಾದದ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದುವು. ಎಲ್ಲರ ಮಕ್ಕಳಿಗೂ ಸಮನಾದ ಶಾಲೆ ದೊರೆಯದಿರುವುದೇ ಅಸಮಾನತೆಯ ಬೇರೆಂಬುದನ್ನು ಇಬ್ಬರೂ ಅಲ್ಲಗಳೆಯಲಿಲ್ಲ.

ಅಧಿಕಾರ ಹೋದರೂ ಅವರ ನಿಷ್ಠೆ ಹೋಗಲಿಲ್ಲ. ಮತ್ತೊಮ್ಮೆ ಜಪಾನು, ಅಮೆರಿಕ, ಯೂರೋಪುಗಳನ್ನು ಸುತ್ತಿ ಬಂದು 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತ ಗ್ರಂಥವನ್ನೂ, 1934ರಲ್ಲಿ ಯೋಜನಾಬದ್ಧ ಆರ್ಥಿಕ ವ್ಯವಸ್ಥೆಯನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು. ಬೇರೆ ಬೇರೆ ದೇಶಗಳ ಶಿಕ್ಷಣ, ಆದಾಯ, ಆಯುಸ್ಸುಗಳನ್ನು ಪಕ್ಕಪಕ್ಕದಲ್ಲಿಟ್ಟು ನಮ್ಮ ಸ್ಥಾನವನ್ನು ತೋರಿಸುವುದು ಅವರ ಪದ್ಧತಿಯಾಗಿತ್ತು. ಭದ್ರಾವತಿಯ ಕಾರ್ಖಾನೆಯ ಅಧ್ಯಕ್ಷರಾಗಿ ತಾವು ಸಲ್ಲಿಸಿದ ಸೇವೆಗೆ ಬರಬೇಕಾಗಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸದೆ, ತರುಣರಿಗೆ ಕಸುಬುಗಳನ್ನು ಕಲಿಸುವ ಸಂಸ್ಥೆಗೆ ಮೀಸಲಾಗಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆ ವೃತ್ತಿಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು. ಅದಕ್ಕೆ ತಮ್ಮ ಹೆಸರನ್ನಿಡಲು ಒಪ್ಪದೆ ಅಂದಿನ ಮಹಾರಾಜರಾದ ಜಯಚಾಮರಾಜೇಂದ್ರರ ಹೆಸರನ್ನು ಸೂಚಿಸಿದರು. ಮನೆಪಾಠ ಹೇಳಿ ಓದಿದ ಬಾಲಕನು ಹೀಗೆ ತನ್ನ ಋಣವನ್ನು ತೀರಿಸಿದನು.

1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ನೂರು ವರ್ಷಗಳನ್ನು ಪೂರೈಸಿದ ಬಳಿಕ, 1962ರ ಏಪ್ರಿಲ್ ತಿಂಗಳಲ್ಲಿ ಅವರು ನಿಧನರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಅವರ ಸಮಾಧಿಯಿದೆ. ಅವರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಕಾಪಾಡಲಾಗಿದೆ.

ಅವರು ಕಂಡ ಕನಸು ಒಬ್ಬರಿಂದ, ಒಂದು ತಲೆಮಾರಿನಿಂದ ಮುಗಿಯುವಂತಹುದಾಗಿರಲಿಲ್ಲ. 1948ರಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಶಿಕ್ಷಣವನ್ನು ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರಿತು. ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆಗಿರಬೇಕೆಂದು ಹೇಳಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಅಂತಹ ಶಿಕ್ಷಣವನ್ನು ಒದಗಿಸಲು ಪ್ರಯತ್ನಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿತು. 1961ರಲ್ಲಿ ನಮ್ಮ ರಾಜ್ಯವು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಅಧಿನಿಯಮವನ್ನು ಮಾಡಿತು. 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತು; ಅದನ್ನು ನಡೆಸುವ ಅಧಿನಿಯಮವು 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಗೋಖಲೆಯವರ ಮಸೂದೆ ಸೋತ ಮೇಲೆ ಈ ದಿನ ಬರಲು ತೊಂಬತ್ತೆಂಟು ವರ್ಷಗಳು ಬೇಕಾದುವು. ಹಸಿದ ಹೊಟ್ಟೆಗೆ ಪಾಠ ಹತ್ತದೆಂಬುದನ್ನು ಅರಿತು ಶಾಲೆಯಲ್ಲಿಯೇ ಮಧ್ಯಾಹ್ನದ ಬಿಸಿಯೂಟವನ್ನು ಕೊಡುವ ಅಕ್ಷರದಾಸೋಹವೂ ನಮ್ಮ ರಾಜ್ಯದಲ್ಲಿ ಬಂದಿದೆ. ದನ ಕಾಯುವ ಹುಡುಗನ ತಂದೆ ಅಂದು ಕೇಳಿದ ಕೂಳಿನ ಪ್ರಶ್ನೆಗೆ ಇದು ತಡವಾಗಿ ಬಂದ ಒಂದು ಉತ್ತರ.

ಹಾಗೆಂದು ಕೆಲಸ ಮುಗಿಯಿತೆಂದು ತಿಳಿಯಬಾರದು. ಯುದ್ಧ, ಬರಗಾಲ, ಬಡತನಗಳಿಗೆ ಸಿಕ್ಕಿದ ನಾಡುಗಳಲ್ಲಿ ಕೋಟ್ಯಂತರ ಮಕ್ಕಳು ಇಂದಿಗೂ ಶಾಲೆಯಿಂದ ದೂರವಾಗಿದ್ದಾರೆ. ನಮ್ಮಲ್ಲಿಯೂ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದ್ದು ಮಗು ಇಟ್ಟಿಗೆಯ ಗೂಡಿನಲ್ಲೋ ತೋಟದಲ್ಲೋ ದುಡಿಯುವ ಸಂದರ್ಭಗಳುಂಟು. ಶಾಲೆಗೆ ಬಂದ ಮಗು ನಿಜವಾಗಿಯೂ ಕಲಿತು ಹೋಗುತ್ತದೆಯೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕೋಲಾರ ಸೀಮೆಯ ಕೆರೆಗಳಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ಕೆಳಗಿನ ಕೆರೆಗೆ ನೀರು. ವಿದ್ಯೆಯನ್ನು ಹಾಗೆ ಮೇಲಿನಿಂದ ಹರಿದು ಬರಲೆಂದು ಕಾಯುತ್ತ ಕುಳಿತರೆ ಕೆಳಗಿನವರ ಪಾಲಿಗೆ ಹನಿಯೂ ಬಾರದಿರಬಹುದು. ಆದುದರಿಂದಲೇ ಪ್ರತಿ ಊರಿನಲ್ಲಿಯೂ ಶಾಲೆ, ಪ್ರತಿ ಮಗುವಿಗೂ ಅದರ ಬಾಗಿಲು ತೆರೆದಿರುವುದು ಅವಶ್ಯಕ.

ವಿದ್ಯಾರ್ಥಿಗಳು ಇಂದು ಕುಳಿತು ಓದುತ್ತಿರುವ ಹಲಗೆಯು ಯಾರದೋ ಕೃಪೆಯಿಂದ ಬಂದುದಲ್ಲ. ಅದು ಅವರ ಹಕ್ಕು. ಆದರೆ ಆ ಹಕ್ಕಿನ ಹಿಂದೆ ಅನೇಕ ಹಿರಿಯರ ದುಡಿಮೆಯಿದೆ, ಸೋಲುಗಳಿವೆ, ಕಾದು ಕಾದು ಅವಕಾಶವಿಲ್ಲದೆ ಹೋದ ಮಕ್ಕಳ ತಲೆಮಾರುಗಳಿವೆ. ತಮ್ಮ ನೆರೆಯ ಮನೆಯ ಮಗುವೊಂದು ಶಾಲೆಗೆ ಬಾರದೆ ಉಳಿದಿದ್ದರೆ ಅದನ್ನು ಕರೆತರುವುದೇ ವಿಶ್ವೇಶ್ವರಯ್ಯನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.